ರಾಜ್ಯ ಇಪ್ಪತ್ತೈದೋ, ಇಪ್ಪತ್ತೆಂಟೋ?

ಹನ್ನೆರಡು ವರ್ಷ ಅನ್ನೋದು ಒಂಥರಾ ವಿಚಿತ್ರ ವಯಸ್ಸು. ಮದುವೆಮನೆಯಲ್ಲಿ ಚಿಕ್ಕ ಮಕ್ಕಳ ಪಂಕ್ತಿಯಲ್ಲಿ ಕೂತರೆ 'ಕತ್ತೆ ಹಾಗೆ ಬೆಳೆದಿದೀಯ, ಏಳು, ನೀರು ಬಡಿಸು' ಅಂತಾರೆ. ದೊಡ್ಡವರು ಮಾತಾಡುವಾಗ ಮಧ್ಯ ಬಾಯಿ ಹಾಕಿದರೆ 'ನಿಂಗೆಂತ ಗೊತ್ತಾಗತ್ತೆ, ಹೋಗಿ ಓದ್ಕೋ' ಅಂತಾರೆ. ಕೆಲಸಕ್ಕೆ ದೊಡ್ಡವನು, ಮಾತಿಗೆ ಚಿಕ್ಕವನು. ಆರು, ಏಳನೇ ಕ್ಲಾಸಿನಲ್ಲಿ ಇರುವ ಮಕ್ಕಳೆಲ್ಲ ಈ ಎರಡರ ಮಧ್ಯದ ಹೊಸಿಲಿನ ಮೇಲೇ ಕೂತಿರುತ್ತಾರೆ. ಹೊಸಿಲ ಮೇಲೆ ಕೂತವರಿಗೆ ಒಂದು ಅನುಕೂಲ ಇದೆ. ಒಳಗಿನ ಮಾತೂ ಕೇಳಿಸತ್ತೆ, ಹೊರಗಿನದೂ ಕೇಳಿಸತ್ತೆ.

ನಾನು ಏಳನೇ ಕ್ಲಾಸಿನಲ್ಲಿದ್ದದ್ದು 2000-01ರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ವಾರ್ತೆ ಓದೋದು ಒಂದು ಕ್ರಮ. ಆ ವರ್ಷ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾರಣ ಏನೂ ದೊಡ್ಡದಲ್ಲ, ನಮ್ಮನೆ ರೇಡಿಯೋಗೆ ಸೆಲ್ಲು ಇರುತ್ತಿತ್ತು ಅಷ್ಟೇ. ಭದ್ರಾವತಿ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಬರುವಾಗ ನಾನು ದೋಸೆ ಬಿಟ್ಟು ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ಓದುವವರ ಸ್ಪೀಡಿಗೆ ಬರೆಯೋಕಾಗದೆ 'ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು' ಅನ್ನೋದನ್ನ 'ಮು.ಕೃ.' ಅಂತ ಬರೆದುಕೊಳ್ಳೋದು ಕಲಿತಿದ್ದೆ. ಈಗ ಆಫೀಸಿನ ಮೀಟಿಂಗಿನಲ್ಲಿ ನೋಟ್ಸ್ ಬರೆಯುವಾಗಲೂ ಅದೇ ಅಭ್ಯಾಸ.

ಜುಲೈ 31, ಸೋಮವಾರ. ಹಿಂದಿನ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ ಸುದ್ದಿ. ಅದನ್ನ ನಾನು ಓದಿದಾಗ ಇಡೀ ಸಾಲು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ನಾಲ್ಕನೇ ಕ್ಲಾಸಿನ ಒಂದು ಹುಡುಗಿ ಅಳೋಕೆ ಶುರುಮಾಡಿದಳು. ಯಾಕೆ ಅಂದರೆ ನಮಗೆ ಗೊತ್ತಿದ್ದ ಗಾಜನೂರು ಒಂದೇ. ಶಿವಮೊಗ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ, ತುಂಗೆಗೆ ಡ್ಯಾಮ್ ಕಟ್ಟಿರುವ ಗಾಜನೂರು. ಪಕ್ಕದಲ್ಲೇ ಸಕ್ರೆಬೈಲಿನ ಆನೆ ಬಿಡಾರ, ಸುತ್ತ ಕಾಡು. ವೀರಪ್ಪನ್ ಆನೆ ಹೊಡೆಯುವವನು ಅಂತ ಎಲ್ಲರಿಗೂ ಗೊತ್ತು. ಇನ್ನೇನು ಬೇಕು? ಆ ಹುಡುಗಿಯ ಅಪ್ಪ ದಿನಾ ಆ ಕಡೆ ಲಾರಿ ಓಡಿಸುವವರು.

ಮೇಷ್ಟ್ರು ನಗಲಿಲ್ಲ. ಭೂಪಟ ತರಿಸಿ, ಕಿಟಕಿ ಸರಳಿಗೆ ನೇತುಹಾಕಿ, ಕೋಲಿನಲ್ಲಿ ತೋರಿಸಿದರು. 'ಇದು ನಮ್ಮ ಗಾಜನೂರು. ರಾಜಕುಮಾರ್ ಅವರ ಊರು ಇಲ್ಲಿ ಕೆಳಗೆ, ತಮಿಳುನಾಡಿನ ಗಡಿಯೊಳಗೆ. ನಿಮ್ಮಪ್ಪ ಈ ಕಡೆಗೆ ಹೋಗೋದೇ ಇಲ್ಲ ಕಣಮ್ಮ.' ಅವಳು ಕಣ್ಣೊರೆಸಿಕೊಂಡು ಹೋಗಿ ಎರಡು ಗಾಜನೂರಿನ ಮಧ್ಯ ಗೇಣಿಟ್ಟು ನೋಡಿದಳು. ಹೆದರಬೇಡ ಅಂತ ಅವರು ಒಂದು ಮಾತೂ ಹೇಳಲಿಲ್ಲ. ದೂರ ಎಷ್ಟು ಅಂತ ತೋರಿಸಿದರು, ಅಷ್ಟೇ.

ಆವತ್ತಿಂದ ಕಪ್ಪುಹಲಗೆಯ ಬಲಮೂಲೆಯಲ್ಲಿ, ಹಾಜರಿ ಸಂಖ್ಯೆಯ ಕೆಳಗೆ, ರಾಜಕುಮಾರ್ ಕಾಡಿನಲ್ಲಿದ್ದ ದಿನಗಳ ಲೆಕ್ಕವೂ ಶುರುವಾಯಿತು. ದಸರಾ ರಜೆಯಲ್ಲಿ ಅದನ್ನ ಬರೆಯೋರಿಲ್ಲ ಅಂತ ನಾನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ.

ಮಲೆನಾಡಿನ ಮಕ್ಕಳ ರಜೆಯ ಬಗ್ಗೆ ಹೇಳಲೇಬೇಕು. ಪೇಟೆಯವರಿಗೆ ರಜೆ ಅಂದ್ರೆ ಅಜ್ಜಿಮನೆ. ಅಜ್ಜಿಮನೆಯಲ್ಲೇ ಹುಟ್ಟಿದವರು ಎಲ್ಲಿಗೆ ಹೋಗಬೇಕು? ನಮಗೆ ಜುಲೈನಲ್ಲಿ ಮಳೆ ರಜೆ ಸಿಗುತ್ತಿತ್ತು, ಹೊರಗೆ ಕಾಲಿಡೋಕೆ ಆಗುತ್ತಿರಲಿಲ್ಲ. ದಸರಾ ರಜೆ ಮುಗಿದು ದೀಪಾವಳಿ ಕಳೆಯುವಷ್ಟರಲ್ಲಿ ಅಡಿಕೆ ಕೊಯ್ಲು. ರಜೆ ಇರಲಿ ಬಿಡಲಿ, ರಾತ್ರಿ ಅಡಿಕೆ ಸುಲಿಯೋದು ಇದ್ದೇ ಇರುತ್ತಿತ್ತು. ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಹನ್ನೆರಡು ಜನ ಕೂರೋರು. ಸುಲಿದವರಿಗೆ ಡಬ್ಬಿ ಲೆಕ್ಕದಲ್ಲಿ ದುಡ್ಡು. ಮಕ್ಕಳಾದ ನಮಗೆ ಸಿಪ್ಪೆ ಹೊರುವ ಕೆಲಸ, ನಿದ್ದೆ ಬಂದವರಿಗೆ ಚಾ ಕೊಡುವ ಕೆಲಸ.

ಟೀವಿಯಲ್ಲಿ ಈಗ ರಾತ್ರಿ ಒಂಬತ್ತು ಗಂಟೆಗೆ ನಡೆಯುವ ಚರ್ಚೆಗಳನ್ನ ನೋಡಿದಾಗೆಲ್ಲ ಆ ಅಂಗಳ ನೆನಪಾಗತ್ತೆ. ರಾಜಕುಮಾರ್ ಅವರನ್ನ ಬಿಡಿಸೋಕೆ ಎಷ್ಟು ಕೋಟಿ ಕೊಟ್ಟರು, ಸರ್ಕಾರ ಯಾಕೆ ಮಿಲಿಟರಿ ಕಳಿಸ್ತಿಲ್ಲ, ನಕ್ಕೀರನ್ ಗೋಪಾಲ್ ಒಬ್ಬರೇ ಹೇಗೆ ಅಷ್ಟು ಸಲೀಸಾಗಿ ಕಾಡಿಗೆ ಹೋಗಿ ಬರ್ತಾರೆ. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಒಳಗಿನ ಸುದ್ದಿ. ಆದರೆ ಮಾತು ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅಡಿಕೆ ದರದಲ್ಲಿ. 'ಹೊರಗಿನ ಅಡಿಕೆ ಬರ್ತಾ ಇದ್ಯಂತೆ', 'ಬಯಲುಸೀಮೆಯೋರೂ ತೋಟ ಹಾಕಿದಾರಂತೆ', 'ಮಂಡಿಯಲ್ಲಿ ಕೇಳೋರಿಲ್ಲಂತೆ'. ಅಲ್ಲಿಗೆ ಬಂದಾಗ ಅಪ್ಪಯ್ಯನ ಕಣ್ಣು ನಮ್ಮ ಕಡೆ ತಿರುಗೋದು. 'ನಿಂಗೆ ನಾಳೆ ಶಾಲೆ ಇಲ್ವನಾ? ಮಲಗು ಹೋಗು.' ವೀರಪ್ಪನ್ ಮಾತು ಮಕ್ಕಳು ಕೇಳಬಹುದಿತ್ತು. ಅಡಿಕೆ ದರದ ಮಾತು ಕೇಳಬಾರದಿತ್ತು.

ಆದರೆ ನನಗೆ ದರ ಗೊತ್ತಿತ್ತು. ಅಜ್ಜನಿಗೆ ಕಣ್ಣಿಗೆ ಪೊರೆ ಬಂದಿದ್ದರಿಂದ, ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಪೇಪರನ್ನ ಸಂಜೆ ಅವರಿಗೆ ಓದಿ ಹೇಳುತ್ತಿದ್ದವನು ನಾನೇ. ಅಜ್ಜನ ಕ್ರಮ ಹೀಗೆ: ಮೊದಲು ಮರಣ ವಾರ್ತೆ, ಆಮೇಲೆ ಪೇಟೆ ಧಾರಣೆ, ಟೈಮಿದ್ದರೆ ಪ್ರಪಂಚ. ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ಒಂದೊಂದು ವಾರಕ್ಕೂ ಆ ಅಂಕಿ ಕೆಳಗಿಳಿಯೋದು. ನಾನು ಓದುತ್ತಿದ್ದೆ, ಅಜ್ಜ 'ಹೂಂ' ಅನ್ನುತ್ತಿದ್ದರು. ಆ 'ಹೂಂ' ದಿನದಿಂದ ದಿನಕ್ಕೆ ಉದ್ದ ಆಗುತ್ತಿತ್ತು. ಅದರ ಅರ್ಥ ಇಂಥದ್ದು ಅಂತ ಯಾರೂ ಹೇಳಲಿಲ್ಲ, ನನ್ನನ್ನ ಯಾರೂ ಕೇಳಲೂ ಇಲ್ಲ.

ಅದೇ ನವೆಂಬರಿನಲ್ಲಿ ನಮ್ಮ ಏಳನೇ ಕ್ಲಾಸಿಗೆ ಇನ್ನೊಂದು ತಲೆನೋವು ಶುರುವಾಯಿತು. 1ನೇ ತಾರೀಕು ಛತ್ತೀಸಗಢ, 9ಕ್ಕೆ ಉತ್ತರಾಂಚಲ, 15ಕ್ಕೆ ಜಾರ್ಖಂಡ್. ಹದಿನೈದು ದಿನದಲ್ಲಿ ಮೂರು ಹೊಸ ರಾಜ್ಯ! 15ನೇ ತಾರೀಕೇ ರಾಜಕುಮಾರ್ ಬಿಡುಗಡೆ ಕೂಡ. ಹಲಗೆಯ ಮೇಲೆ 108ಕ್ಕೆ ಲೆಕ್ಕ ನಿಂತಿತು. ಇಡೀ ಶಾಲೆ ಕುಣಿಯುತ್ತಿದ್ದರೆ, ನಮ್ಮ ಕ್ಲಾಸಿನ ಫಸ್ಟ್ ರ‍್ಯಾಂಕಿನ ಹುಡುಗ ಮಾತ್ರ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ಮಾರ್ಚಿನಲ್ಲಿ ನಮಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಸಮಾಜ ಪುಸ್ತಕದಲ್ಲಿ ಭಾರತದ ರಾಜ್ಯಗಳು 25. ರೇಡಿಯೋದಲ್ಲಿ 28. ಪರೀಕ್ಷೆಯಲ್ಲಿ ಯಾವುದು ಬರೀಬೇಕು?

ಮೇಷ್ಟ್ರಿಗೆ ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಪುಸ್ತಕ ಅಚ್ಚಾದಾಗ ಇಪ್ಪತ್ತೈದು ಸರಿ ಇತ್ತು. ಈಗ ಇಪ್ಪತ್ತೆಂಟು ಸರಿ. ಪೇಪರ್ ತಿದ್ದೋರು ಪುಸ್ತಕ ನೋಡ್ಕೊಂಡು ತಿದ್ದಿದ್ರೆ ಒಂದು ಮಾರ್ಕ್ಸ್ ಹೋಗ್ಬಹುದು. ಆದ್ರೂ ನೀವು ಇಪ್ಪತ್ತೆಂಟೇ ಬರೀರಿ' ಅಂದರು. ಕೆಂಪು ಪೆನ್ನಿನಲ್ಲಿ ಭೂಪಟದ ಮೇಲೆ ಮೂರು ಗೆರೆ ಎಳೆದರು. ಸರ್ಕಾರ ಅಚ್ಚು ಹಾಕಿಸಿದ ಭೂಪಟವನ್ನ ತಿದ್ದಬಹುದು ಅಂತ ನನಗೆ ಗೊತ್ತಾಗಿದ್ದು ಆವತ್ತೇ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ, ಅದು ಬೇರೆ ಮಾತು.

ಜನವರಿ 26, 2001. ಬಾವುಟ ಹಾರಿಸಿ, ಪ್ರಭಾತಫೇರಿ ಮುಗಿಸಿ, ಕೈಯಲ್ಲಿ ಎರಡೆರಡು ಪೆಪ್ಪರ್‌ಮಿಂಟ್ ಹಿಡಿದು ಮನೆಗೆ ಬಂದರೆ ರೇಡಿಯೋದಲ್ಲಿ ಗುಜರಾತಿನ ಭೂಕಂಪ. ಕಛ್, ಭುಜ್, ಅಂಜಾರ್. ಎರಡು ದಿನ ಬಿಟ್ಟು ಬಂದ ಪೇಪರಿನಲ್ಲಿ ಅಂಜಾರಿನ ಮಕ್ಕಳ ಸುದ್ದಿ ಇತ್ತು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಿನ ಬೀದಿಯಲ್ಲಿ ಹೋಗುತ್ತಿದ್ದಾಗ ಎರಡೂ ಕಡೆಯ ಮನೆಗಳು ಕುಸಿದು ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡಿದ್ದರು. ಅಜ್ಜನಿಗೆ ಅದನ್ನ ಓದುವಾಗ ನನ್ನ ದನಿ ನಿಂತುಹೋಯಿತು. ಬೆಳಿಗ್ಗೆ ಎಂಟು ಮುಕ್ಕಾಲಿಗೆ ನಾವೂ ಜೈಕಾರ ಹಾಕಿಕೊಂಡು ರಸ್ತೆಯಲ್ಲೇ ಇದ್ದೆವು. ಅವರ ಕೈಯಲ್ಲೂ ಅಂಥದೇ ಕಾಗದದ ಬಾವುಟ ಇದ್ದಿರಬೇಕು. ಅಜ್ಜ ಆವತ್ತು ಪೇಟೆ ಧಾರಣೆ ಓದು ಅನ್ನಲಿಲ್ಲ.

ಮನೆ, ಶಾಲೆ, ರಜೆ, ದೇಶದ ಸುದ್ದಿ ಇವೆಲ್ಲ ಬೇರೆ ಬೇರೆ ಅಂತ ಅಂದುಕೊಳ್ಳೋದು ದೊಡ್ಡವರಾದ ಮೇಲೆ. ಹನ್ನೆರಡು ವರ್ಷದವನಿಗೆ ಅವು ಒಂದೇ ಅಂಗಳ. ಗಾಜನೂರು ಅಂದರೆ ಗೆಳತಿಯ ಅಪ್ಪನ ಲಾರಿ, ಭೂಕಂಪ ಅಂದರೆ ತನ್ನದೇ ಮೆರವಣಿಗೆ. ಸುದ್ದಿ ಕೇಳಿದ ಕೂಡಲೇ ಮಗು ಕೇಳಿಕೊಳ್ಳೋ ಮೊದಲ ಪ್ರಶ್ನೆ 'ಇದರಿಂದ ನಮ್ಮನೆಗೆ ಎಂತ ಆಗತ್ತೆ?' ಅಂತಲೇ. ಯಾರಾದರೂ ಉತ್ತರ ಕೊಟ್ಟರೆ ಸರಿ. ಕೊಡದಿದ್ದರೆ ಅದು ಸುಮ್ಮನೆ ಕೂರೋದಿಲ್ಲ, ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಸ್ವಲ್ಪ ದೊಡ್ಡ ಮಕ್ಕಳೂ ಅಷ್ಟೇ. ಅದಕ್ಕೆ ನಮ್ಮಕ್ಕನ ಕಥೆ ಹೇಳಬೇಕು.

ಆ ವರ್ಷ ಅಕ್ಕ ಸೆಕೆಂಡ್ ಪಿಯುಸಿ, ಸೈನ್ಸು. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಮಾಡಬೇಕು ಅಂತ ಆಸೆ. ಕೆಮಿಸ್ಟ್ರಿ ಲ್ಯಾಬಿನ ಕಥೆಗಳನ್ನ ಅಡುಗೆಮನೆಯಲ್ಲಿ ಹುಣಸೆಹಣ್ಣು, ಸೋಡಾಪುಡಿ ಇಟ್ಟುಕೊಂಡು ನನಗೆ ತೋರಿಸುತ್ತಿದ್ದಳು. ರಿಸಲ್ಟ್ ಬಂತು, ಸೆಕೆಂಡ್ ಕ್ಲಾಸ್. ಅಪ್ಪಯ್ಯ 'ಮುಂದಿನ ವರ್ಷ ನೋಡುವಾ' ಅಂದರು. ಅಕ್ಕ ಎರಡನೇ ಮಾತಾಡಲಿಲ್ಲ. ಊರಲ್ಲೇ ಟೈಲರಿಂಗ್ ಕಲಿತಳು. ಮುಂದಿನ ವರ್ಷ ದರ ಇನ್ನೂ ಕೆಳಗೆ ಹೋಯಿತು. 2005ರಲ್ಲಿ ಮದುವೆಯಾಗಿ ಬೆಂಗಳೂರಿಗೆ ಹೋದಳು. 2006ರಲ್ಲಿ ನಾನು ಬ್ಯಾಂಕಿನಲ್ಲಿ ಸಾಲ ಮಾಡಿ ಬಿಇ ಸೇರಿದೆ. ಅಪ್ಪಯ್ಯ ಹೇಳಿದ್ದ ಆ 'ಮುಂದಿನ ವರ್ಷ' ಬಂದಿದ್ದು ನನ್ನ ಪಾಲಿಗೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅಕ್ಕ, ಭಾವ, ಮಗಳು ಪುಟ್ಟಿ ಎಲ್ಲ ಊರಿಗೆ ಬಂದರು. ನಾನೂ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದೆ. 21 ದಿನ ಅಂದುಕೊಂಡು ಎರಡು ಜೊತೆ ಬಟ್ಟೆ ತಂದವರು ಮಳೆಗಾಲವನ್ನೂ ಅಲ್ಲೇ ಕಳೆದೆವು. ಭಾವನದು ಬೆಂಗಳೂರಲ್ಲಿ ಸಣ್ಣದೊಂದು ದರ್ಶಿನಿ. ಬಾಗಿಲು ಹಾಕಿದ್ದು ಹಾಕಿದಂಗೇ ಇತ್ತು. ಪುಟ್ಟಿ ಪರೀಕ್ಷೆ ಇಲ್ಲದೇ ಆರು ಪಾಸಾಗಿ ಏಳಕ್ಕೆ ಬಂದಿದ್ದಳು. ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಟಾರ್ಪಾಲು ಕಟ್ಟಿ, ಒಂದು ಮೂಲೆಯಲ್ಲಿ ನನ್ನ ಆಫೀಸು, ಇನ್ನೊಂದು ಮೂಲೆಯಲ್ಲಿ ಅವಳ ಆನ್‌ಲೈನ್ ಕ್ಲಾಸು. ಒಂದು ದಿನ ನನ್ನ ಕಾಲ್ ಮುಗಿಯೋದನ್ನೇ ಕಾದಿದ್ದು ಕೇಳಿದಳು. 'ಮಾಮಾ, ನಿಮ್ಮ ಕಂಪನಿಯಲ್ಲೂ ಜನಾನ ತೆಗೀತಾರಾ? ನಮ್ಮ ಹೋಟೆಲ್ ಇನ್ನು ತೆಗಿಯಲ್ವಾ?'

ನಾನು 'ಹಂಗೆಲ್ಲ ಯೋಚನೆ ಮಾಡ್ಬೇಡ ಪುಟ್ಟಿ' ಅನ್ನೋಕೆ ಬಾಯಿ ತೆಗೆಯುವಷ್ಟರಲ್ಲಿ, ಚಾ ತಂದಿದ್ದ ಅಕ್ಕ ಅಲ್ಲೇ ಕೂತಳು. ರಾತ್ರಿ ಊಟ ಆದಮೇಲೆ ಮನೆ ಲೆಕ್ಕದ ಪುಸ್ತಕ ತೆಗೆದು ಮಗಳ ಎದುರು ಇಟ್ಟಳು. ಹೋಟೆಲಿನ ಬಾಡಿಗೆ ಇಷ್ಟು, ಮೂರು ತಿಂಗಳದ್ದು ಬಾಕಿ. ಕೆಲಸದ ಇಬ್ಬರು ಹುಡುಗರಿಗೆ ಊರಿಗೆ ಕಳಿಸಿದ್ದು ಇಷ್ಟು. ಗ್ರೈಂಡರಿನ ಕಂತು. ನಿನ್ನ ಶಾಲೆಯ ಫೀಸು. ಬ್ಯಾಂಕಲ್ಲಿ ಇರೋದು ಇಷ್ಟು. ಭಾವ 'ಮಗು ಹತ್ರ ಎಂತಕ್ಕೆ ಮಾರಾಯ್ತಿ ಇದೆಲ್ಲ' ಅಂದರು. ಅಕ್ಕ ಕೇಳಿಸಿಕೊಳ್ಳಲಿಲ್ಲ.

ಪುಟ್ಟಿ ಬೆರಳಿಟ್ಟು ಎರಡು ಸಲ ಕೂಡಿಸಿದಳು. ಆಮೇಲೆ, 'ಹಂಗಾದ್ರೆ ಈ ವರ್ಷ ನಾನು ಮಾಮ ಓದಿದ ಶಾಲೆಗೇ ಹೋಗ್ತೀನಿ' ಅಂದಳು.

'ಅದು ನೀನು ತೀರ್ಮಾನ ಮಾಡೋ ವಿಷಯ ಅಲ್ಲ, ನಾವು ಮಾಡ್ತೀವಿ. ನಿಂಗೆ ಗೊತ್ತಿರ್ಲಿ ಅಂತ ಹೇಳಿದ್ದು' ಅಂದಳು ಅಕ್ಕ.

ಒಂದು ವಾರ ಅಕ್ಕ, ಭಾವ ಇಬ್ಬರೂ ಕೂತು ಮಾತಾಡಿ ಕೊನೆಗೆ ಅದೇ ಶಾಲೆಗೆ ಸೇರಿಸಿದರು. ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಶುರುಮಾಡಿತು. ದೇವಸ್ಥಾನದ ಜಗಲಿಯಲ್ಲಿ ದೂರ ದೂರ ಕೂರಿಸಿ ಪಾಠ. ಅಕ್ಟೋಬರಿನಲ್ಲಿ ಕೊರೊನಾ ಭಯಕ್ಕೆ ಅದೂ ನಿಂತಿತು. ಅಷ್ಟರಲ್ಲಿ ಪುಟ್ಟಿಗೆ ನಾಲ್ಕು ಜನ ಗೆಳತಿಯರು ಆಗಿದ್ದರು, ನಿಂತಿದ್ದಕ್ಕೆ ಬೇಜಾರೂ ಆಗಿತ್ತು.

ಒಂದು ರಾತ್ರಿ ಅಡಿಕೆ ಸುಲಿಯುವಾಗ ಅಕ್ಕನನ್ನ ಕೇಳಿದೆ, ಅಷ್ಟು ಚಿಕ್ಕ ಹುಡುಗಿಗೆ ಅದನ್ನೆಲ್ಲ ಹೇಳಿದ್ದು ಯಾಕೆ ಅಂತ. ಮೆಟ್ಟುಗತ್ತಿಯಿಂದ ಕಣ್ಣು ಎತ್ತದೆ ಹೇಳಿದಳು.

'ನಂಗೆ ಕಾಲೇಜಿಗೆ ಕಳಿಸ್ಲಿಲ್ವಲ್ಲ, ಫಸ್ಟ್ ಕ್ಲಾಸ್ ಬರ್ಲಿಲ್ಲ ಅಂತ ಅಪ್ಪಯ್ಯಂಗೆ ಬೇಜಾರಾಗಿದೆ, ಅದಕ್ಕೇ ಕಳಿಸ್ಲಿಲ್ಲ ಅಂದ್ಕೊಂಡಿದ್ದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅಮ್ಮ ಏನೋ ಮಾತಿಗೆ ಹೇಳಿದ್ಲು, ಆ ವರ್ಷ ಸೊಸೈಟಿ ಸಾಲ ಕಟ್ಟೋಕೇ ಆಗಿರ್ಲಿಲ್ಲ ಅಂತ. ಆವಾಗ್ಲೇ ಹೇಳಿದ್ರೆ ಕಾಲೇಜಿಗೇನೂ ಹೋಗ್ತಿರ್ಲಿಲ್ಲ ಬಿಡು, ದುಡ್ಡು ಎಲ್ಲಿಂದ ಬರ್ಬೇಕು? ಆದ್ರೆ ನಾನು ದಡ್ಡಿ ಅಂತ ಅಂದ್ಕೊಳ್ತಿರ್ಲಿಲ್ಲ.'

ಪೇಟೆ ಧಾರಣೆ ದಿನಾ ಓದಿದವನು ನಾನು. ಅದೇ ಮನೆಯ ಅಡುಗೆಮನೆಯಲ್ಲಿ, ಹತ್ತು ಹೆಜ್ಜೆ ಆಚೆ, ಅಕ್ಕ ಇದನ್ನ ಒಬ್ಬಳೇ ಹೊತ್ತಿದ್ದಳು. ಅಪ್ಪಯ್ಯನ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಗೆ ಕಷ್ಟ ಗೊತ್ತಾಗದ ಹಾಗೆ ಸಾಕೋದೇ ಪ್ರೀತಿ ಅಂತ ಅವರ ಕಾಲದವರು ನಂಬಿದ್ದರು. ಈಗಿನ ನಾವೂ ಅದನ್ನೇ ಮಾಡ್ತೀವಿ, ಟೀವಿ ಆಫ್ ಮಾಡಿ ಕೈಗೆ ಮೊಬೈಲ್ ಕೊಡ್ತೀವಿ ಅಷ್ಟೇ ವ್ಯತ್ಯಾಸ. ಆದರೆ ಅಳುತ್ತಿದ್ದ ಆ ನಾಲ್ಕನೇ ಕ್ಲಾಸಿನ ಹುಡುಗಿಗೆ ಮೇಷ್ಟ್ರು ಭೂಪಟ ಬಿಚ್ಚಿದ್ದರಲ್ಲ, ಅಕ್ಕ ಲೆಕ್ಕದ ಪುಸ್ತಕ ಬಿಚ್ಚಿದ್ದೂ ಅದೇ ಕೆಲಸ ಅಂತ ನನಗನ್ನಿಸತ್ತೆ.

ಪುಟ್ಟಿಗೂ ನಮ್ಮದೇ ತಲೆನೋವು ಬಂತು. ಅವಳ ಹಳೇ ಅಟ್ಲಾಸಿನಲ್ಲಿ ರಾಜ್ಯಗಳು 29. ತೆಲಂಗಾಣ ಸೇರಿದ ಮೇಲಿನ ಲೆಕ್ಕ. ಜಮ್ಮು ಕಾಶ್ಮೀರ 2019ರಲ್ಲಿ ಕೇಂದ್ರಾಡಳಿತ ಪ್ರದೇಶವಾದ ಮೇಲೆ ಮತ್ತೆ 28. 'ಯಾವುದು ಬರೀಲಿ ಮಾಮಾ?' ಅಂದಳು. ಈಗಿನದು ಬರಿ ಅಂದೆ. 'ನೀವು ಓದುವಾಗ್ಲೂ ಇಪ್ಪತ್ತೆಂಟಾ? ಹಂಗಾದ್ರೆ ಏನೂ ಚೇಂಜ್ ಆಗಿಲ್ಲ' ಅಂತ ನಕ್ಕು, ಡ್ರಾಯರಿನಲ್ಲಿ ಕೆಂಪು ಪೆನ್ನು ಹುಡುಕೋಕೆ ಹೋದಳು.