ರಾಗಿ ಕುಯ್ಲು ಆದಮೇಲೆ ಹೊಟ್ಟೆ ಕುಯ್ಲು

ಈ ವಾರ ತೆಂಗಿನ ಬಿಳಿ ನೊಣದ ಬಗ್ಗೆ ಬರೀತೀನಿ ಅಂದಿದ್ದೆ. ಮರೆತಿಲ್ಲ, ಬೇವಿನೆಣ್ಣೆ ಹೊಡೆದ ಸಾಲಿನ ಫೋಟೋನೂ ತೆಗೆದಿಟ್ಟಿದೀನಿ. ಅದು ಮುಂದಿನ ಸಲ. ಇವತ್ತು ಬರೀತಿರೋದು ತೋಟದ ವಿಷಯ ಅಲ್ಲ, ತೋಟ ಮಾಡೋನ ವಿಷಯ. ಓದಿ ನಗೋರು ನಗಿ, ಬೇಜಾರಿಲ್ಲ. ನಾನು ದಪ್ಪ ಅನ್ನೋದು ನಿಮಗೆ ಯಾರಿಗೂ ಹೊಸ ಸುದ್ದಿ ಅಲ್ಲವಲ್ಲ.

ಯುಗಾದಿ ಆದಮೇಲೆ ಒಂದು ದಿನ ಕೊಬ್ಬರಿ ಸುಲಿಸೋಕೆ ಅಂತ ಅಟ್ಟ ಹತ್ತಿದೆ. ಮೂರನೇ ಮೆಟ್ಟಿಲಿಗೆ ಕಾಲಿಟ್ಟಾಗ ಏಣಿ ಮುರೀತು. ಅಪ್ಪ ಮಾಡಿಸಿದ ಹೊನ್ನೆ ಮರದ ಏಣಿ, ನಲವತ್ತು ವರ್ಷದಿಂದ ಅದರ ಮೇಲೆ ಮೂಟೆ ಹೊತ್ತು ಇಳಿದಿದಾರೆ, ಏನೂ ಆಗಿರಲಿಲ್ಲ. ಬಿದ್ದು ಸೊಂಟಕ್ಕೆ ಪೆಟ್ಟಾಯ್ತು, ಹದಿನೈದು ದಿನಕ್ಕೆ ವಾಸಿ ಆಯ್ತು. ಅದಾದ ಮೇಲೆ ಮನೇಲಿರೋ ತೂಕದ ಮಷೀನಿನ ಮೇಲೆ ನಿಂತರೆ ಅದು ತೂಕ ತೋರಿಸೋ ಬದಲು ಎರರ್ ಅಂತ ತೋರಿಸ್ತು, ಅದರ ಮಿತಿ 130. ಮಂಡಿಗೆ ಕೊಬ್ಬರಿ ಹಾಕೋಕೆ ಹೋದ ದಿನ, ಚೀಲ ಇಳಿಸಿ ಆದಮೇಲೆ, ಹಮಾಲಿಗಳು ಟೀ ಕುಡಿಯೋಕೆ ಹೋದಾಗ ನಾನೇ ತಕ್ಕಡಿ ಮೇಲೆ ನಿಂತೆ. 131 ಕೆಜಿ. ಎತ್ತರ 170 ಸೆಂಟಿಮೀಟರ್, ವಯಸ್ಸು 46.

ಬಿಎಂಐ ಲೆಕ್ಕ ಗೊತ್ತಿಲ್ಲದೋರಿಗೆ ಹೇಳ್ತೀನಿ, ಕಷ್ಟ ಇಲ್ಲ. ತೂಕವನ್ನ ಮೀಟರ್‌ನಲ್ಲಿರೋ ಎತ್ತರದಿಂದ ಒಂದು ಸಲ ಭಾಗಿಸಿ, ಬಂದದ್ದನ್ನ ಮತ್ತೆ ಅದೇ ಎತ್ತರದಿಂದ ಭಾಗಿಸಿ. ನಂದು 45 ಬಂತು. ನಮ್ಮ ದೇಶದೋರಿಗೆ 23 ದಾಟಿದ್ರೇನೇ ಜಾಸ್ತಿ ಅಂತ ಹಿಡೀತಾರೆ.

"ದಿನಾ ಹೊಲದಲ್ಲಿ ದುಡಿಯೋನಿಗೆ ಬೊಜ್ಜು ಹೆಂಗಪ್ಪಾ ಬರುತ್ತೆ?" ಈ ಪ್ರಶ್ನೆ ಎಷ್ಟು ಜನ ಕೇಳಿದಾರೋ ಲೆಕ್ಕ ಇಲ್ಲ. ನಿಜ ಹೇಳ್ಬೇಕು ಅಂದ್ರೆ ನಾವು ಅಪ್ಪಂದಿರ ಥರ ದುಡೀತಿಲ್ಲ. ಅಪ್ಪ ಎತ್ತು ಕಟ್ಟಿ ದಿನವೆಲ್ಲಾ ನೇಗಿಲ ಹಿಂದೆ ನಡೀತಿದ್ರು, ಎರಡು ಮುದ್ದೆ ಉಣ್ಣೋರು. ನಾನು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತು ಅದೇ ಎರಡು ಮುದ್ದೆ ಉಣ್ತೀನಿ. ಹಾಲು ಕರೆಯೋಕೆ ಮಷೀನು, ಡೈರಿಗೆ ಹೋಗೋಕೆ ಬೈಕು. ಇನ್ನೊಂದು ವಿಷಯ ಹೆಂಡತಿಗೂ ಸರಿಯಾಗಿ ಹೇಳಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ ಬಂದಾಗ ಮೋಟಾರ್ ಹಾಕೋಕೆ ಎದ್ದೇಳ್ತೀವಲ್ಲ, ಆಗ ನಿದ್ದೆಗೆಟ್ಟು ವಿಪರೀತ ಹಸಿವು. ಪಂಪ್‌ಹೌಸಿನಲ್ಲಿ ಒಂದು ಡಬ್ಬಿ ಇಟ್ಟಿದ್ದೆ. ಬೆಲ್ಲ, ಕೊಬ್ಬರಿ ಚೂರು, ಕಡ್ಲೆಕಾಯಿ. ಒಂದು ಗಂಟೆ ರಾತ್ರೀಲಿ ಒಬ್ಬನೇ ಕೂತು ತಿಂದದ್ದು ಯಾವ ಡಯಟ್ ಲೆಕ್ಕಕ್ಕೂ ಬರ್ಲಿಲ್ಲ.

ಡಯಟ್ ಮಾಡಿಲ್ಲ ಅಂತ ಮಾತ್ರ ಯಾರೂ ಹೇಳ್ಬೇಡಿ. 2012ರಲ್ಲಿ 104 ಇದ್ದೆ. ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ, ಬೆಳಗ್ಗೆ ಕೆರೆ ಏರಿ ಮೇಲೆ ನಡಿಗೆ. 93ಕ್ಕೆ ಬಂತು, ಒಂದೂವರೆ ವರ್ಷದಲ್ಲಿ 108 ಆಯ್ತು. 2015ರಲ್ಲಿ ನೆಂಟರೊಬ್ಬರು ಡಬ್ಬಿ ಪುಡಿ ಮಾರ್ತಿದ್ರು, ಊಟದ ಬದಲು ಶೇಕ್ ಕುಡೀಬೇಕು. 110ರಿಂದ 98ಕ್ಕಿಳಿದೆ, ಪುಡಿ ನಿಲ್ಲಿಸಿದ ಮೇಲೆ 115. 2018ರಲ್ಲಿ ಸಿರಿಧಾನ್ಯ. ನಮ್ಮಲ್ಲೂ ಆಗ ಎಲ್ಲರೂ ನವಣೆ, ಸಾಮೆ ಹಾಕಿದ್ರಲ್ಲ. ನಾನು ಬೆಳೆದೆ, ಉಂಡೆ. 118ರಿಂದ 109, ಆಮೇಲೆ 121. ಲಾಕ್‌ಡೌನಿನಲ್ಲಿ ಕೀಟೋ. ಅನ್ನ, ಮುದ್ದೆ ಪೂರ್ತಿ ಬಿಟ್ಟು ಮೊಟ್ಟೆ, ಮಾಂಸ, ಕೊಬ್ಬರಿ ಎಣ್ಣೆ. ತೆಂಗು ಬೆಳೆಯೋನಿಗೆ ಇದಕ್ಕಿಂತ ಒಳ್ಳೆ ಡಯಟ್ ಉಂಟಾ ಅಂತ ಖುಷಿಯಾಗಿದ್ದೆ. 122ರಿಂದ 104. ಎಲ್ಲಾ ಪ್ಯಾಂಟೂ ಹಿಡಿಸಿದ್ದೆ. ತಮ್ಮನ ಮದುವೆ ಬೀಗರೂಟ, ಗೌರಿ ಹಬ್ಬ, ದಸರಾ ಅಂತ ಒಂದೊಂದೇ ತುತ್ತು ಶುರುವಾಗಿ ಎರಡು ವರ್ಷಕ್ಕೆ 127. 2023ರಲ್ಲಿ ಪ್ರಕೃತಿ ಚಿಕಿತ್ಸೆಗೆ ಸೇರಿ ಹತ್ತು ದಿನ ಬೂದುಕುಂಬಳ ರಸ ಕುಡಿದು ಬಂದೆ. ಏಳು ಕೆಜಿ ಹೋಯ್ತು, ಹತ್ತು ಬಂತು.

ಮೊನ್ನೆ ಕೂತು ಕೂಡಿದೆ. ಇಷ್ಟು ವರ್ಷದಲ್ಲಿ ಒಟ್ಟು 57 ಕೆಜಿ ಇಳಿಸಿದೀನಿ, 84 ಕೆಜಿ ಏರಿಸಿದೀನಿ. 57 ಕೆಜಿ ಇಳಿಸೋನಿಗೆ ಮನಸ್ಸು ಗಟ್ಟಿ ಇಲ್ಲ ಅಂತೀರಾ?

ಇದು ಯಾಕೆ ಹಿಂಗೆ ಅಂತ ನಮ್ಮ ಸಕ್ಕರೆ ಡಾಕ್ಟರು ಹೇಳಿದಾಗ ನನಗೆ ನೆನಪಾದದ್ದು ಬರಗಾಲದ ಹಸು. ಮೇವಿಲ್ಲದೆ ಮೂಳೆ ಕಾಣೋ ಹಂಗಾದ ಹಸು ಮಳೆ ಬಿದ್ದು ಹಸಿರು ಚಿಗುರಿದ ತಕ್ಷಣ ಹೆಂಗೆ ಮೈ ತುಂಬ್ಕೊಳ್ಳುತ್ತೆ ನೋಡಿದೀರಲ್ಲ. ಕೊಟ್ಟಿಗೇಲಿ ಹೊಟ್ಟೆತುಂಬ ತಿಂದ ಹಸುಗಿಂತ ಬೇಗ. ಮನುಷ್ಯನ ಮೈಯೂ ತೂಕ ಇಳಿದದ್ದನ್ನ ಬರಗಾಲ ಅಂತಲೇ ತಿಳ್ಕೊಳ್ಳುತ್ತಂತೆ. ಉರಿಸೋದನ್ನ ಕಮ್ಮಿ ಮಾಡುತ್ತೆ, ಹಸಿವಿನ ಹಾರ್ಮೋನು ಜಾಸ್ತಿ ಮಾಡುತ್ತೆ. ಅಮೆರಿಕದಲ್ಲಿ ತೂಕ ಇಳಿಸೋ ಟೀವಿ ಸ್ಪರ್ಧೆ ಒಂದಿತ್ತು. ಅದರಲ್ಲಿ ಇಳಿಸಿದ 14 ಜನರನ್ನ ಆರು ವರ್ಷ ಆದಮೇಲೆ ಪರೀಕ್ಷೆ ಮಾಡಿದ್ರು, 2016ರಲ್ಲಿ ಪ್ರಕಟ ಆಯ್ತು. ಅಷ್ಟು ವರ್ಷ ಕಳೆದ್ರೂ ಅವರ ಮೈ ಸುಮ್ನೆ ಕೂತಾಗ ಉರಿಸೋದು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿ ಇತ್ತು. ಹೆಚ್ಚಿನೋರು ಇಳಿಸಿದ್ದರಲ್ಲಿ ಬಹುಪಾಲು ವಾಪಸ್ ಗಳಿಸಿದ್ರು. ಇದನ್ನ ಕೇಳಿ ಮನೆಗೆ ಬರೋ ದಾರೀಲಿ ಬೈಕ್ ನಿಲ್ಲಿಸಿ ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ಕೂತಿದ್ದೆ. ಹದಿಮೂರು ವರ್ಷ ನನ್ನ ನಾನೇ ಬೈಕೊಂಡಿದ್ದೆನಲ್ಲ.

ಹಂಗಂತ ಆಪರೇಷನ್ ವಿಚಾರ ಬಂದದ್ದು ತೂಕದಿಂದಲೂ ಅಲ್ಲ, ಏಣಿಯಿಂದಲೂ ಅಲ್ಲ. ಜುಲೈನಲ್ಲಿ ರಾಗಿ ಹೊಲಕ್ಕೆ ರೋಟವೇಟರ್ ಹೊಡೀತಿದ್ದೆ. ಮಧ್ಯಾಹ್ನ ಮೂರು ಗಂಟೆ. ತಮ್ಮನ ಮಗ, ಏಳು ವರ್ಷದ ಹುಡುಗ, ಬದುವಿನ ಮೇಲೆ ಕೂತು ಆಡ್ತಿದ್ದ. ನಂಗೆ ನಿದ್ದೆ ಹಿಡೀತು. ತೂಕಡಿಕೆ ಅಲ್ಲ, ನಿದ್ದೆಯೇ. ಕಣ್ಣು ಬಿಟ್ಟಾಗ ಮುಂದಿನ ಚಕ್ರ ಬದು ಹತ್ತಿತ್ತು, ಹುಡುಗ ಎದ್ದು ನಿಂತು ನನ್ನೇ ನೋಡ್ತಿದ್ದ. ನಾಲ್ಕು ಮಾರು ದೂರ ಇರಬಹುದು. ಕ್ಲಚ್ ತುಳಿದು, ಇಂಜಿನ್ ಆರಿಸಿ ಇಳಿದೆ. ಕೈ ನಡುಗ್ತಿತ್ತು. ಅವನು "ದೊಡ್ಡಪ್ಪಾ, ನನ್ನ ಹೆದರಿಸೋಕೆ ಬಂದ್ಯಾ?" ಅಂತ ನಗ್ತಿದ್ದ. ಹೂಂ ಅಂದೆ. ತಮ್ಮ ಈ ಪೇಜ್ ಓದ್ತಾನೆ, ಅವನಿಗೂ ಇದು ಇವತ್ತೇ ಗೊತ್ತಾಗ್ತಿರೋದು. ಬೈಯೋದಿದ್ರೆ ಸಂಜೆ ಮನೆ ಹತ್ರ ಬಾರಪ್ಪ.

ಆಮೇಲೆ ನಿದ್ದೆ ಪರೀಕ್ಷೆ ಮಾಡಿಸಿದೆ. ಮೂಗಿಗೆ, ಬೆರಳಿಗೆ ವೈರು ಸಿಕ್ಕಿಸ್ಕೊಂಡು ಮನೇಲೇ ಮಲಗೋದು. ಗಂಟೆಗೆ 48 ಸಲ ಉಸಿರು ನಿಲ್ತಿದೆ ಅಥವಾ ಅರ್ಧಂಬರ್ಧ ಆಗ್ತಿದೆ ಅಂತ ಬಂತು. ಗಂಟೆಗೆ 30 ದಾಟಿದ್ರೆ ತೀವ್ರ ಅಂತಾರೆ. ಗೊರಕೆ ಹೊಡೆಯೋನು ಗಡದ್ದಾಗಿ ನಿದ್ದೆ ಮಾಡ್ತಾನೆ ಅಂತ ನಾವು ಅಂದ್ಕೊಂಡಿರೋದು ತಪ್ಪು. ಗಂಟಲ ಸುತ್ತ ಕೊಬ್ಬು ಸೇರಿ ಮಲಗಿದಾಗ ಉಸಿರಿನ ದಾರಿ ಮುಚ್ಕೊಳ್ಳುತ್ತೆ, ರಾತ್ರಿಯೆಲ್ಲಾ ಮೈ ಉಸಿರಿಗೆ ಎದ್ದೇಳ್ತಾ ಇರುತ್ತೆ, ಹಗಲೊತ್ತು ಸಿಕ್ಕಿದ ಕಡೆ ನಿದ್ದೆ. ನಿಮ್ಮಲ್ಲಿ ಯಾರಾದ್ರೂ ಹಿಂಗೆ ಟ್ರ್ಯಾಕ್ಟರ್ ಮೇಲೆ, ಬೈಕ್ ಮೇಲೆ ತೂಕಡಿಸ್ತಿದ್ರೆ ದಯವಿಟ್ಟು ತೋರಿಸ್ಕೊಳ್ಳಿ. ಈಗ ಮೂಗಿಗೆ ಗಾಳಿ ಒತ್ತೋ ಮಷೀನು ಹಾಕ್ಕೊಂಡು ಮಲಗ್ತೀನಿ. ಅದು ಬರೋ ತನಕ ಟ್ರ್ಯಾಕ್ಟರ್ ಮುಟ್ಟಿರಲಿಲ್ಲ, ಬಾಡಿಗೆಗೆ ಹೊಡೆಸಿದೆ.

ಬೆಂಗಳೂರಿನಲ್ಲಿ ಸರ್ಜನ್‌ನ ಎರಡು ಸಲ ನೋಡಿದೀನಿ. ಚೀಟಿ ಹಿಂದೆ ಜಠರದ ಚಿತ್ರ ಬರೆದು ತೋರಿಸಿದ್ರು. ಎರಡು ಥರ ಇದೆ. ಸ್ಲೀವ್ ಅಂದ್ರೆ ಜಠರದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತೀನೇ ಕತ್ತರಿಸಿ ಆಚೆ ತೆಗೆದು, ಬಾಳೆಕಾಯಿ ಗಾತ್ರದ ಕೊಳವೆ ಉಳಿಸೋದು. ಹೋದದ್ದು ಹೋಯ್ತು, ವಾಪಸ್ ಜೋಡಿಸೋಕಾಗಲ್ಲ. ಹಸಿವಿನ ಹಾರ್ಮೋನು ಜಾಸ್ತಿ ಹುಟ್ಟೋದು ಆ ಕತ್ತರಿಸೋ ಭಾಗದಲ್ಲೇ, ಅದಕ್ಕೇ ಹಸಿವೂ ಕಮ್ಮಿ ಆಗುತ್ತೆ. ಇನ್ನೊಂದು ಬೈಪಾಸ್. ಜಠರದ ಮೇಲ್ತುದೀಲಿ ಮೊಟ್ಟೆಯಷ್ಟು ಚೀಲ ಮಾಡಿ ಅದನ್ನ ನೇರವಾಗಿ ಸಣ್ಣ ಕರುಳಿಗೆ ಸೇರಿಸೋದು. ನಾಲೆ ನೀರನ್ನ ಮೇಲಿನ ಗದ್ದೆಗೆ ಬಿಡದೆ ಕೆಳಗಿನ ಗದ್ದೆಗೆ ತಿರುಗಿಸಿದ ಹಂಗೆ. ನಂಗೆ ಎದೆಯುರಿ ಇದೆ, ಸ್ಲೀವ್ ಮಾಡಿದ್ರೆ ಅದು ಜಾಸ್ತಿ ಆಗಬಹುದು, ಸಕ್ಕರೆಗೂ ಬೈಪಾಸೇ ವಾಸಿ ಅಂದ್ರು. ಹೊಟ್ಟೆ ಉದ್ದಕ್ಕೂ ಕುಯ್ಯಲ್ಲ, ನಾಲ್ಕೈದು ಸಣ್ಣ ತೂತು ಅಷ್ಟೆ.

ಸಕ್ಕರೆ ಪೂರ್ತಿ ಹೋಗುತ್ತಾ ಅಂತ ಕೇಳಿದೆ. ತುಂಬಾ ಜನಕ್ಕೆ ಮಾತ್ರೆ ನಿಲ್ಲುತ್ತೆ, ಆದರೆ ಸಕ್ಕರೆ ಬಂದು ಜಾಸ್ತಿ ವರ್ಷ ಆಗಿ ಇನ್ಸುಲಿನ್ ಶುರುವಾಗಿದ್ರೆ ಅಷ್ಟು ಭರವಸೆ ಕೊಡೋಕಾಗಲ್ಲ ಅಂದ್ರು. ನಂದು ಎಂಟು ವರ್ಷದ್ದು, ಇನ್ಸುಲಿನ್ ಇನ್ನೂ ಶುರುವಾಗಿಲ್ಲ. ಬಾಯಿ ಮುಚ್ಚಿ ಲೆಕ್ಕ ಹಾಕ್ದೆ, ಕಾದಷ್ಟೂ ನಷ್ಟ. ಸ್ವೀಡನ್‌ನಲ್ಲಿ 1987ರಿಂದ ಆಪರೇಷನ್ ಮಾಡಿಸ್ಕೊಂಡೋರು, ಮಾಡಿಸ್ಕೊಳ್ಳದೋರು ಅಂತ ಸುಮಾರು ನಾಲ್ಕು ಸಾವಿರ ಜನರನ್ನ ಹತ್ತಾರು ವರ್ಷ ಗಮನಿಸಿದಾರೆ, ಮಾಡಿಸ್ಕೊಂಡೋರಲ್ಲಿ ಸಾವು ಕಮ್ಮಿ ಅಂತ ಬಂದಿದೆ. ಅಪಾಯಾನೂ ಮುಚ್ಚಿಡ್ಲಿಲ್ಲ. ಹೊಲಿಗೆ ಜಾಗ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ಬೇಗ ಇಳಿಯೋದ್ರಿಂದ ಪಿತ್ತಕೋಶದಲ್ಲಿ ಕಲ್ಲು ಬರಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಸಾಯೋ ತನಕ ನುಂಗಬೇಕು, ವರ್ಷಾ ವರ್ಷಾ ರಕ್ತ ಪರೀಕ್ಷೆ. ಎಣ್ಣೆ ಹಾಕೋ ಗೆಳೆಯರು ಗಮನಿಸಿ, ಆಮೇಲೆ ಒಂದು ಪೆಗ್ಗೇ ಬೇಗ ತಲೆಗೇರುತ್ತಂತೆ. ಇಷ್ಟೆಲ್ಲಾ ಆದ್ರೂ ಡಬ್ಬಿ ಬೆಲ್ಲ ಶುರು ಮಾಡಿದ್ರೆ ತೂಕ ವಾಪಸ್ ಬರೋಕೆ ಅಡ್ಡಿ ಏನಿಲ್ಲ.

ಇಂಜೆಕ್ಷನ್ ವಿಚಾರಾನೂ ಕೇಳಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ ನಮ್ಮ ದೇಶಕ್ಕೆ ಬಂತಲ್ಲ, ವಾರಕ್ಕೊಂದು. ಬಂದ ಹೊಸದರಲ್ಲಿ ಶುರುವಿನ ಡೋಸಿಗೇ ತಿಂಗಳಿಗೆ 14 ಸಾವಿರ. ನಿಲ್ಲಿಸಿದ್ರೆ ಹೆಚ್ಚಿನೋರಿಗೆ ತೂಕ ವಾಪಸ್. ಕೊಬ್ಬರಿ ರೇಟು ಬಿದ್ದ ವರ್ಷ ಏನು ಮಾಡ್ಲಿ?

ಮನೇಲಿ ಗಲಾಟೆ ಆಗ್ತಿದೆ. ಅಮ್ಮ ಊಟ ಬಿಟ್ಟು ಕೂತಿದ್ರು. "ಹೊಟ್ಟೆಗಿಲ್ದೆ ಒದ್ದಾಡಿದೋರ್ನ ನೋಡಿದೀನಿ ಕಣೋ, ಒಳ್ಳೇ ಹೊಟ್ಟೇನ ಕುಯ್ಸ್ಕೊಂಡೋನ್ನ ನೋಡಿಲ್ಲ. ನಾಳೆಯಿಂದ ಒಂದೇ ಮುದ್ದೆ ಹಾಕ್ತೀನಿ, ಹೋಗ್ಬೇಡ." ಹದಿಮೂರು ವರ್ಷದಿಂದ ಅಮ್ಮ ಒಂದೇ ಮುದ್ದೆ ಹಾಕ್ತಿದಾರೆ, ಮುದ್ದೆ ಗಾತ್ರ ಮಾತ್ರ ಕೇಳ್ಬೇಡಿ. ಹೆಂಡತಿ ಜಗಳ ಆಡ್ಲಿಲ್ಲ, ಅದೇ ಕಷ್ಟ. ಆಸ್ಪತ್ರೆಯವರು ಹೇಳಿದ್ದು ಮೂರೂವರೆ ಲಕ್ಷ. ಮಗಳ ಕಾಲೇಜಿಗೆ ಅಂತ ಎತ್ತಿಟ್ಟದ್ದು ಹೆಚ್ಚುಕಮ್ಮಿ ಅಷ್ಟೇ ಇದೆ. ಈ ವರ್ಷ ಕೊಬ್ಬರಿಗೆ ರೇಟು ಬಂತು ಅಂತ ಉಳೀತು, ಇಲ್ಲದಿದ್ರೆ ಈ ಯೋಚನೆಯೇ ಇರ್ತಿರಲಿಲ್ಲ. ಮಗಳು "ಅಪ್ಪಾ, ಮಾಡಿಸ್ಕೋ" ಅಂದ್ಲು. ಅವಳು ಹೇಳಿದ್ದಕ್ಕೇ ಮಾಡಿಸ್ಕೊಳ್ಳೋಕೆ ಮನಸ್ಸು ಒಪ್ತಿಲ್ಲ.

ಇನ್ಶೂರೆನ್ಸ್ ಇರೋರಿಗೆ ಒಂದು ಮಾತು. ಬೊಜ್ಜಿನ ಆಪರೇಷನ್‌ಗೆ ದುಡ್ಡು ಬರಲ್ಲ ಅಂತ ಏಜೆಂಟ್ ಒಂದೇ ಮಾತಲ್ಲಿ ಹೇಳಿದ್ದ. ಪಾಲಿಸಿ ಪುಸ್ತಕ ಓದಿದೆ. 2019ರ ಐಆರ್‌ಡಿಎಐ ನಿಯಮದ ಪ್ರಕಾರ ಬರೆದಿರೋದು ಬೇರೆ. ಡಾಕ್ಟರು ಬರೆದುಕೊಟ್ಟಿರಬೇಕು, 18 ತುಂಬಿರಬೇಕು, ಬಿಎಂಐ 40 ಅಥವಾ ಮೇಲಿರಬೇಕು. ಇಲ್ಲಾ 35 ಇದ್ದು, ಬೇರೆ ದಾರಿ ನೋಡಿ ತೂಕ ಇಳೀದೆ, ಜೊತೆಗೆ ಹೃದಯದ ಕಾಯಿಲೆ, ತೀವ್ರವಾಗಿ ನಿದ್ದೇಲಿ ಉಸಿರು ನಿಲ್ಲೋದು, ಹತೋಟಿಗೆ ಬಾರದ ಸಕ್ಕರೆ ಇಂಥವು ಇರಬೇಕು. ಇಷ್ಟಿದ್ರೆ ಬೊಜ್ಜು ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕೋ ಹಂಗಿಲ್ಲ. ಎಲ್ಲಾ ಕಾಗದ ಕಟ್ಟಿ ಕಳಿಸಿದೀನಿ, ಉತ್ತರ ಬಂದಿಲ್ಲ. ಬಂದ್ರೆ ಮಗಳ ದುಡ್ಡು ಉಳಿಯುತ್ತೆ.

ಆಸ್ಪತ್ರೇಲಿ ಊಟದ ವಿಚಾರ ಹೇಳಿಕೊಡೋ ಮೇಡಂ ಒಬ್ಬರು ಇದಾರೆ. ಮುದ್ದೆ ತಿನ್ನಬಹುದಾ ಅಂತ ಕೇಳಿದೆ. ಮೊದಲ ಎರಡು ವಾರ ಬರೀ ನೀರಾಗಿರೋದು, ಆಮೇಲೆ ಮೆತ್ತಗಿರೋದು. ಅಂಬಲಿ ಆಗುತ್ತೆ, ಮುದ್ದೆ ನುಂಗೋದು ಸದ್ಯಕ್ಕೆ ಮರೀರಿ, ಅಗಿಯದೆ ಏನೂ ಒಳಗೆ ಹೋಗೋ ಹಂಗಿಲ್ಲ ಅಂದ್ರು. ದಿನಕ್ಕೆ 60 ಗ್ರಾಂ ಆದ್ರೂ ಪ್ರೋಟೀನು ಬೇಕು, ಊಟದ ಜೊತೆ ನೀರು ಕುಡಿಯೋ ಹಂಗಿಲ್ಲ. ಅಗಿದು ತಿಂದ್ರೆ ಅದು ಮುದ್ದೆ ಹೆಂಗಾಗುತ್ತೆ ಹೇಳಿ. ನಗ್ತೀರೇನೋ, ಆ ದಿನ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಅವರೆಕಾಯಿ ಕಾಲ ಬರ್ತಿದೆ.

ತಾರೀಖು ಇನ್ನೂ ಹಿಡಿದಿಲ್ಲ. ಜನವರಿ ಎರಡನೇ ವಾರ ಆಗಬಹುದಾ ಅಂತ ಕೇಳಿದೀನಿ. ರಾಗಿ ಈಗ ತೆನೆ ಕಟ್ತಿದೆ, ಕುಯ್ದು, ಮೆದೆ ಹಾಕಿ, ಕಣ ಮುಗಿಸೋ ಹೊತ್ತಿಗೆ ಡಿಸೆಂಬರ್ ಕೊನೆ. "ರಾಗಿ ಕುಯ್ಲು ಆದಮೇಲೆ ಹೊಟ್ಟೆ ಕುಯ್ಲು" ಅಂತ ಹೆಂಡತಿ ಮೊನ್ನೆ ಮೊದಲ ಸಲ ತಮಾಷೆ ಮಾಡಿದ್ಲು. ಆಸ್ಪತ್ರೇಲಿ ಮೂರು ದಿನ, ಆಮೇಲೆ ಒಂದೂವರೆ ತಿಂಗಳು ಭಾರ ಎತ್ತೋ ಹಂಗಿಲ್ಲ. ಹಾಲಿನ ಕ್ಯಾನು, ಬೂಸಾ ಚೀಲ, ಹುಲ್ಲಿನ ಹೊರೆ ಯಾವುದೂ ಇಲ್ಲ. ನಾಲ್ಕು ಹಸು ಇದಾವೆ, ಒಂದು ಜನವರೀಲೇ ಕರು ಹಾಕೋದು.

ಅದಕ್ಕೇ ಕೇಳ್ತಿದೀನಿ. ಕೂಲಿಗೆ ಜನ ಸಿಗಲ್ಲ ಅನ್ನೋದು ನಿಮಗೇ ಗೊತ್ತು. ಈ ಸುತ್ತಿನಲ್ಲಿ ಯಾರಾದ್ರೂ ಬೆಳಗ್ಗೆ ಸಂಜೆ ಬಂದು ಮೇವು ಹಾಕಿ, ಕ್ಯಾನು ಡೈರಿಗೆ ಮುಟ್ಟಿಸೋಕೆ ಮುಯ್ಯಾಳಾಗಿ ಬರೋದಾದ್ರೆ ಹೇಳಿ. ಮುಯ್ಯಿ ತೀರಿಸೋದು ಏಪ್ರಿಲ್ ಮೇಲೆ, ಟ್ರ್ಯಾಕ್ಟರ್ ಕೆಲಸವೋ ಕಾಯಿ ಸುಲಿಯೋದೋ ನಿಮಗೆ ಬೇಕಾದ್ದು. ಮಾಡಿಸ್ಕೊಂಡೋರು ಯಾರಾದ್ರೂ ನಿಮ್ಮ ನೆಂಟರಲ್ಲಿದ್ರೆ, ಚೆನ್ನಾಗಾದೋರೂ ಸರಿ, ಆಗದೇ ಇರೋರೂ ಸರಿ, ಮಾತಾಡಿಸಿಕೊಡಿ. ಅಟ್ಟಕ್ಕೆ ಕಬ್ಬಿಣದ ಏಣಿ ಮಾಡಿಸೋಕೆ ಹಾಕಿದೀನಿ, ಈ ಶನಿವಾರ ಬರುತ್ತೆ.