ಅಂಗೈಯಗಲದ ಕಿಟಕಿ

ಕಾಲೇಜಿನಲ್ಲಿ ಪಂಪಭಾರತದ ಪಾಠ ಹೇಳುವ ಮನುಷ್ಯನೊಬ್ಬ ರವಿವಾರ ಮುಂಜಾನೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮಕ್ಕಳ ಆಟದ ಯಂತ್ರವನ್ನು ಅಮುಕುತ್ತಿದ್ದರೆ ನೋಡಿದವರು ಏನೆಂದಾರು? ನಮ್ಮ ಮುಳಗುಂದದಲ್ಲಿ ನೋಡಿಯೂ ಸುಮ್ಮನೆ ಹೋಗುವಷ್ಟು ನಿರ್ಮೋಹಿಗಳು ಕಡಮೆ. "ಏನ್ರಿ ಸರ, ಹುಡುಗರ ಆಟಗಿ ಕಸಗೊಂಡು ಕುಂತೀರಲ್ಲ!" ಎಂದರು ಹಿರಿಯರೊಬ್ಬರು. ಸಂಶೋಧನೆ ನಡೆಸಿದ್ದೇನೆಂದು ಹೇಳಿ ಮಾನ ಉಳಿಸಿಕೊಂಡೆ. ಆ ಮಾತು ಆಮೇಲೆ ನಿಜವೇ ಆಯಿತೆಂಬುದನ್ನು ಹೇಳುವುದಕ್ಕಾಗಿ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಯಂತ್ರದ ಹೆಸರು ಗೇಮ್ ಬಾಯ್ ಕಲರ್. ಅಮೆರಿಕದಲ್ಲಿರುವ ಗೆಳೆಯನೊಬ್ಬ ಊರಿಗೆ ಬಂದಾಗ ತನ್ನ ಹಳೆಯ ಸಾಮಾನುಗಳಲ್ಲಿದ್ದ ಇದನ್ನು ನನ್ನ ಕೈಯಲ್ಲಿಟ್ಟು ಹೋದ. ಅದರೊಳಗಿದ್ದುದು 'ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್'. ಮೂಲದ ಆಟ ಜಪಾನಿನ ನಿಂಟೆಂಡೋ ಸಂಸ್ಥೆಯದು, ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬವರ ಕಲ್ಪನೆ, ೧೯೮೫ರಲ್ಲಿ ಹೊರಬಂದದ್ದು. ಮೀಸೆಯ ನಳದ ಕೆಲಸದವನೊಬ್ಬ ಎಡದಿಂದ ಬಲಕ್ಕೆ ಓಡಬೇಕು, ಹಾರಬೇಕು, ಗುಂಡಿಗೆ ಬೀಳಬಾರದು. ೮ ಲೋಕಗಳ ೩೨ ಘಟ್ಟಗಳನ್ನು ದಾಟಿ ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಬೇಕು. ಇಷ್ಟೇ ಕತೆ. ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಈ ಆಟವನ್ನು ೧೯೯೯ರಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಇಳಿಸಿದರು.

ನಮ್ಮ ಮನೆಗೆ ಅದರ ದೊಡ್ಡ ರೂಪ ಬಂದದ್ದೂ ಅದೇ ೧೯೯೯ರ ದೀಪಾವಳಿಗೆ. ಅಪ್ಪ ಗದಗಿನ ಪೇಟೆಯಿಂದ ಆಟದ ಪೆಟ್ಟಿಗೆಯನ್ನು ತಂದ ದಿನ ಓಣಿಯ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ಅಣ್ಣ ಮಾರಿಯೋ, ನಾನು ಅವನ ತಮ್ಮ ಲುಯಿಜಿ. ಆ ಇಬ್ಬರಿಗೂ ಬಣ್ಣವೊಂದನ್ನುಳಿದು ಬೇರೆ ವ್ಯತ್ಯಾಸವಿರಲಿಲ್ಲ. ಮಾರಿಯೋ ಸತ್ತರೆ ಮಾತ್ರ ಲುಯಿಜಿಯ ಪಾಳಿ. ಆದ್ದರಿಂದ ಅಣ್ಣನ ಮರಣವನ್ನು ನಾನು ಎಷ್ಟು ಸಲ ದೇವರಲ್ಲಿ ಬೇಡಿಕೊಂಡೆನೋ ಲೆಕ್ಕವಿಲ್ಲ. ಅಣ್ಣನಾದರೋ ತಂತಿ ಎಳೆದಷ್ಟೂ ಹಿಂದೆ ಸರಿದು, ಬಾಗಿಲಿಗೆ ಬೆನ್ನು ಹಚ್ಚಿ ಕುಳಿತು ಆಡುತ್ತಿದ್ದ. ಟಿ.ವಿ.ಯ ಮುಂದೆಯೇ ಮುಗಿಬೀಳುತ್ತಿದ್ದ ನಮಗೆ ಅದು ಹಿರಿಯನ ಗತ್ತಿನಂತೆ ತೋರುತ್ತಿತ್ತು.

ಈಗ ಕಟ್ಟೆಯ ಮೇಲಿನ ಪ್ರಸಂಗಕ್ಕೆ ಬರುತ್ತೇನೆ. ಕಣ್ಣು ಮುಚ್ಚಿಯೂ ಆಡಬಲ್ಲೆನೆಂದುಕೊಂಡಿದ್ದ ಮೊದಲನೆಯ ಘಟ್ಟದಲ್ಲಿಯೇ ಮೂರು ಸಲ ಗುಂಡಿಗೆ ಬಿದ್ದೆ. ಕಾರಣ ಹುಡುಕಿದಾಗ ತಿಳಿಯಿತು. ಮೂಲದ ಚಿತ್ರದಲ್ಲಿ ಅಡ್ಡಕ್ಕೆ ೨೫೬, ಉದ್ದಕ್ಕೆ ೨೪೦ ಚುಕ್ಕೆಗಳು. ಈ ಕಿರಿಯ ತೆರೆಯಲ್ಲಿ ಇರುವುದು ೧೬೦ ಮತ್ತು ೧೪೪ ಮಾತ್ರ. ಚಿತ್ರವನ್ನೆಲ್ಲ ಕುಗ್ಗಿಸಿ ತುಂಬಿದ್ದರೆ ಮಾರಿಯೋ ಇರುವೆಯಾಗುತ್ತಿದ್ದ. ಹಾಗೆ ಮಾಡದೆ ಅವನ ಮೈಯನ್ನು ಇದ್ದ ಹಾಗೆಯೇ ಉಳಿಸಿ, ಸುತ್ತಲಿನ ನೋಟವನ್ನು ಕತ್ತರಿಸಿದ್ದಾರೆ. ಮುಂದೆ ಬರುವ ಗುಂಡಿ ಹತ್ತಿರಕ್ಕೆ ಹೋಗುವ ತನಕ ಕಾಣದು. ಎತ್ತರಕ್ಕೆ ಹಾರಿದರೆ ಕಾಲಡಿಯ ನೆಲವೇ ಮರೆಯಾಗುತ್ತದೆ. ಇದನ್ನು ಅರಿತೇ ಮಾಡಿದವರು, ಗುಂಡಿಯೊತ್ತಿ ನೋಟವನ್ನು ಮೇಲಕ್ಕೂ ಕೆಳಕ್ಕೂ ಸರಿಸುವ ಅನುಕೂಲವನ್ನು ಇಟ್ಟಿದ್ದಾರೆ.

ಇಂಥ ಇಳಿಕೆಗೆ ಇಂಗ್ಲಿಷಿನಲ್ಲಿ 'ಪೋರ್ಟ್' ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು? 'ಪಾತ್ರಾಂತರ' ಎಂದು ಹೊಸೆದೆ. ಆದರೆ ಇದೇ ಮುಳಗುಂದದಲ್ಲಿ ಕುಳಿತು ೧೧೧೨ರಲ್ಲಿ 'ಧರ್ಮಾಮೃತ' ಬರೆದ ನಯಸೇನ, ಕನ್ನಡಕ್ಕೆ ಸಂಸ್ಕೃತವನ್ನು ಬೆರಸುವುದು ತುಪ್ಪಕ್ಕೆ ಎಣ್ಣೆ ಬೆರಸಿದಂತೆ ಎಂದು ಹಂಗಿಸಿದವನು. ಅವನಿಗೆ ಅಂಜಿ ಆ ಶಬ್ದವನ್ನು ಕೈಬಿಟ್ಟೆ. ಹೆಸರು ಏನೇ ಇರಲಿ, ಕೆಲಸ ನಮಗೆ ಹೊಸದಲ್ಲ. ನೆರೆಯ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಅಲ್ಲಿಯ ತಿರುಳುಗನ್ನಡದಲ್ಲಿ ಹೇಳಿದೆನೆಂದು ಪಂಪನೇ ಹೇಳಿಕೊಂಡಿದ್ದಾನೆ. ಅಷ್ಟು ದೊಡ್ಡ ವ್ಯಾಸಭಾರತವನ್ನು ೯೪೧ರಲ್ಲಿ ಹದಿನಾಲ್ಕು ಆಶ್ವಾಸಗಳಿಗೆ ಇಳಿಸಿದಾಗ, ಕತೆಯ ಮೈ ಕೆಡಬಾರದೆಂಬುದೇ ಅವನ ಪಂತವಾಗಿತ್ತು. ಮಾರಿಯೋನ ಮೈಯನ್ನು ಉಳಿಸಿದ ಕುಶಲಿಗಳು ಪಂಪನನ್ನು ಓದಿದವರಲ್ಲ. ಆದರೂ ಕಿರಿದು ಮಾಡುವವರಿಗೆಲ್ಲ ಒದಗುವ ಸಂಕಟ ಒಂದೇ. ಆದರೆ ನೋಟವನ್ನು ಇಷ್ಟು ಕತ್ತರಿಸಿದ್ದು ಅನ್ಯಾಯವೆಂದೇ ನನ್ನ ತೀರ್ಪಾಗಿತ್ತು.

ಆ ತೀರ್ಪನ್ನು ತಿದ್ದಿದವನು ಅಣ್ಣ.

ಪಿ.ಯು.ಸಿ. ಮುಗಿದ ಮೇಲೆ ಓದಿನಲ್ಲಿ ಮನಸ್ಸಿಲ್ಲವೆಂದು ಹೇಳಿ ಅವನು ಅಂಗಡಿಗೆ ಕುಳಿತ. ನಾನು ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದೆ. ಹುಡುಗನಾಗಿದ್ದಾಗಿನಿಂದಲೂ ಸಂಜೆಯಾದ ಮೇಲೆ ಹೊರಗೆ ಹೋಗೆಂದರೆ ಏನಾದರೊಂದು ನೆವ ಹೇಳುತ್ತಿದ್ದ. ಒಮ್ಮೆ ಮುಸ್ಸಂಜೆಯಲ್ಲಿ ಹೊಲದಿಂದ ಬರುವಾಗ, ನಳದ ಸಲುವಾಗಿ ಅಗೆದಿದ್ದ ಗುಂಡಿಯಲ್ಲಿ ಕಾಲಿಟ್ಟು ಬಿದ್ದ. ನಾನು ಹೊಟ್ಟೆ ಹಿಡಿದು ನಕ್ಕೆ. ಅಂದಿನಿಂದ 'ಎಡವಣ್ಣ' ಎಂಬ ಹೆಸರಿಟ್ಟೆ. ಮನೆಮಂದಿಯೆಲ್ಲ ಅದನ್ನು ಬಳಸಿದರು, ಓಣಿಯೂ ಕಲಿಯಿತು. ಅವನು ಸಿಟ್ಟಾಗಲಿಲ್ಲ. ಈಚೆಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ವೈದ್ಯರು ಪರೀಕ್ಷಿಸಿದಾಗ ನಿಜಸಂಗತಿ ಹೊರಬಿತ್ತು: ರೆಟಿನೈಟಿಸ್ ಪಿಗ್ಮೆಂಟೋಸಾ. ಹುಟ್ಟಿನೊಡನೆ ಬರುವ ದೋಷ. ಮೊದಲು ಇರುಳುಗುರುಡು, ಆಮೇಲೆ ನೋಟದ ಅಂಚುಗಳು ಸುತ್ತಲಿಂದ ವರ್ಷವರ್ಷಕ್ಕೆ ಮುಚ್ಚುತ್ತ ಬಂದು ನಡುವೆ ಕೊಳವೆಯಷ್ಟು ಬೆಳಕು ಉಳಿಯುತ್ತದೆ. ಅವನ ಬಗೆಯ ದೋಷಕ್ಕೆ ಮದ್ದಿಲ್ಲವೆಂದರು.

ಆ ರವಿವಾರ ಅವನು ಗೋಡೆ ಹಿಡಿದು ಹೊರಗೆ ಬಂದ. "ಏನೋ ಅದು, ಮಾರಿಯೋನ ಹಾಡು ಕೇಳಿದಾಂಗ ಆತು?" ಎಂದ. ಯಂತ್ರವನ್ನು ಕೈಗೆ ಕೊಟ್ಟೆ. ಅದರ ತೆರೆಗೆ ಸ್ವಂತ ದೀಪವಿಲ್ಲ. ಹೊರಗಿನ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ. ಅಣ್ಣ ಬಿಸಿಲಿಗೆ ತಿರುಗಿ ಕುಳಿತು, ಮುಖದಿಂದ ಒಂದು ಗೇಣು ದೂರ ಹಿಡಿದು ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಮ್ಮಾ, ಇದು ಪೂರಾ ಕಾಣತೈತೋ" ಎಂದ.

ನನಗೆ ಕೂಡಲೇ ಅರ್ಥವಾಗಲಿಲ್ಲ. ಟಿ.ವಿ.ಯ ಚಿತ್ರ ಅವನಿಗೆ ತುಂಡುತುಂಡಾಗಿ ಕಾಣುತ್ತಿತ್ತಂತೆ. ಅದನ್ನು ಒಂದು ಹಿಡಿಯಲ್ಲಿ ಹಿಡಿಯುವುದಕ್ಕಾಗಿಯೇ ಚಿಕ್ಕಂದಿನಲ್ಲಿ ಬಾಗಿಲತನಕ ಸರಿದು ಕೂಡುತ್ತಿದ್ದನಂತೆ. ನಾನು ಕಿರಿದೆಂದು ಜರೆದ ಕಿಟಕಿ ಅವನ ನೋಟದ ಅಳತೆಗೆ ಸರಿಯಾಗಿತ್ತು. ಎಷ್ಟೋ ವರ್ಷಗಳ ಮೇಲೆ, ನಾಲ್ಕು ಅಂಚುಗಳೂ ಕೂಡಿ ಕಾಣುವ ಚಿತ್ರವೊಂದು ಅವನಿಗೆ ದೊರಕಿತ್ತು.

ಅವನು ಆಡಿದ. ಒಂದು ಸಲವೂ ಬೀಳಲಿಲ್ಲ. ಮೊದಲನೆಯ ಗುಂಡಿಗಿಂತ ಮುಂಚೆ, ಬರಿಯ ಬಯಲಿನಂತೆ ತೋರುವ ಜಾಗದಲ್ಲಿ, ಒಂದು ಅಡಗಿದ ಪೆಟ್ಟಿಗೆಯಿದೆ. ತಲೆಯಿಂದ ಗುದ್ದಿದರೆ ಒಂದು ಜೀವ ಹೆಚ್ಚಿಗೆ ದೊರೆಯುತ್ತದೆ. ಅಣ್ಣ ನೆಟ್ಟಗೆ ಅಲ್ಲಿಗೇ ಹೋಗಿ ಹಾರಿದ. "ಅದು ಹೆಂಗ ಕಂಡಿತು ನಿನಗ?" ಎಂದೆ.

"ಅದು ಮೊದಲೂ ಯಾರಿಗೂ ಕಾಣತಿರಲಿಲ್ಲಲ್ಲೋ" ಎಂದು ನಕ್ಕ.

ನನ್ನ ಗಂಟಲು ಕಟ್ಟಿತು. ಗುಂಡಿಯ ಸಂಗತಿ, ಇಟ್ಟ ಹೆಸರು, ಮಾಡಿದ ನಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಕನ್ನಡದ ಎಂ.ಎ. ಪದವಿ ಆ ಹೊತ್ತಿಗೆ ಒಂದು ಶಬ್ದವನ್ನೂ ಒದಗಿಸಲಿಲ್ಲ. "ಆವತ್ತ ನಾ ನಕ್ಕಿದ್ದೆ..." ಎನ್ನುವಷ್ಟರಲ್ಲಿ ಅವನೇ ತಡೆದ. "ನಮ್ಮ ಟಿ.ವಿ. ಆಟದಾಗ ಬಿಟ್ಟು ಬಂದ ಜಾಗಕ್ಕ ತಿರುಗಿ ಹೋಗಾಕ ಬರತಿತ್ತೇನು? ಸುಮ್ಮ ಮುಂದ ನಡಿ. ಹಿಡಿ, ನಿನ್ನ ಪಾಳಿ."

ಅವನು ಸತ್ತಿರಲಿಲ್ಲ, ಆದರೂ ಪಾಳಿ ಕೊಟ್ಟ. ೧೯೯೯ರಿಂದ ಇಂದಿನವರೆಗೆ ಹೀಗಾದದ್ದು ಇದೇ ಮೊದಲು.

ಈಗ ಪ್ರತಿ ರವಿವಾರ ಪೇಟೆಯಿಂದ ಎರಡು ಸೆಲ್ಲು ತರುವುದು ನನ್ನ ಕೆಲಸ. ಕಟ್ಟೆಯ ಮೇಲೆ ಬಿಸಿಲು ಸರಿದ ಹಾಗೆ ನಾವಿಬ್ಬರೂ ಸರಿಯುತ್ತ ಕುಳಿತಿರುತ್ತೇವೆ. ದಾರಿಯಲ್ಲಿ ಹೋಗುವವರು ಏನಾದರೂ ಅಂದೇ ಅನ್ನುತ್ತಾರೆ. ಅನ್ನಲಿ.