ಮಾಯದ ಹುಣ್ಣು

ಕ್ಯಾನ್ಸರ್ ಗೆಡ್ಡೆಯೊಳಗೆ ಬಿಳಿ ರಕ್ತಕಣಗಳು ನೆರೆದಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1863ರಲ್ಲೇ ಗುರುತಿಸಿದ್ದರು. ಗಾಯವಾದಾಗ ಜೀವಕೋಶಗಳು ಸೈಟೊಕೈನ್ ಎಂಬ ಸಂದೇಶವಾಹಕ ಅಣುಗಳನ್ನು ಹೊರಡಿಸಿ ನೆರವು ಕೋರುತ್ತವೆ; ಗಾಯ ಮಾಯ್ದೊಡನೆ ಆ ಕೂಗು ನಿಲ್ಲಬೇಕು. ದಿನವೂ ತಂಬಾಕು ತಾಗುವ ಬಾಯಲ್ಲಿ ಅದು ನಿಲ್ಲದು. ಆಗ ಇಂಟರ್‌ಲ್ಯೂಕಿನ್-6ರಂಥ ಅಣುಗಳೇ ಕೆಟ್ಟ ಕೋಶವನ್ನು ಪೋಷಿಸತೊಡಗುತ್ತವೆ. ಇದೇ ಬಳಗದ ಇಂಟರ್‌ಲ್ಯೂಕಿನ್-2, ಹರಡಿದ ಮೂತ್ರಪಿಂಡದ ಕ್ಯಾನ್ಸರಿಗೆ ಔಷಧವಾಗಿ 1992ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದುದು ಸೋಜಿಗವೇ.

ಕೊಳಗಲ್ಲಿನ ನಮ್ಮ ಸೋದರತ್ತೆ ಎಲೆ-ಅಡಿಕೆಯೊಡನೆ ತಂಬಾಕು ಮೆಲ್ಲುವವರು. ಕೆನ್ನೆಯೊಳಗೆ ಹುಣ್ಣಾಗಿ ತಿಂಗಳು ಕಳೆದರೂ, “ಉರಿ ಐತೆ, ತಣ್ಣಗಾದ್ರೆ ಮಾಯ್ತೈತೆ ಬಿಡಪ್ಪ” ಎನ್ನುತ್ತಿದ್ದರು. ಉರಿಯನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಅದು ತಾನಾಗಿ ತಣ್ಣಗಾಗುವ ಉರಿಯಾಗಿರಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಆದವು. ಊರಿಗೆ ಮರಳಿದ ದಿನ ಎಲೆಸಂಚಿಯನ್ನು ಅವರೇ ಒಲೆಗೆ ಹಾಕಿದರು.